ಟೋಕಿಯೊ, ಸಪ್ಪೊರೊ, ಒಸಾಕಾ: ಕೊಂಬಿನಿಯಲ್ಲಿ ಯಾವ ನೂಡಲ್ಸ್ ಕೊಳ್ಳಬೇಕು?

ಪ್ರಶ್ನೆ: ಆಫೀಸ್ ಕೆಲಸದ ಮೇಲೆ ಮೊದಲ ಸಲ ಜಪಾನಿಗೆ ಹೊರಟಿದ್ದೇನೆ. ಮೊದಲು ಟೋಕಿಯೊ, ನಡುವಿನ ವಾರಾಂತ್ಯ ಸಪ್ಪೊರೊ, ಕೊನೆಗೆ ಒಸಾಕಾ. ಅಲ್ಲಿನ ಕನ್ವೀನಿಯೆನ್ಸ್ ಸ್ಟೋರ್‌ಗಳಲ್ಲಿ ಚಾಕೊಲೇಟ್ ನೂಡಲ್ಸ್, ಕೇಕ್ ನೂಡಲ್ಸ್ ಅಂತೆಲ್ಲ ಬರುತ್ತವಂತೆ. ಇಂಥ ವಿಚಿತ್ರ ನೂಡಲ್ಸ್‌ಗಳಲ್ಲಿ ನಿಜವಾಗಿ ತಿನ್ನುವಂಥದ್ದು ಯಾವುದು? ನಾನು ಹಂದಿ ಮಾಂಸವೂ ಸೇರಿ ಎಲ್ಲ ತಿನ್ನುತ್ತೇನೆ. ಜೊತೆಗೆ ಬರುವ ಸಹೋದ್ಯೋಗಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರಿಗೆ ಏನಾದರೂ ಸಿಗುತ್ತದಾ? ಮನೆಗೆ ಒಂದಷ್ಟು ತರಬಹುದಾ?
ಓದುಗರು, ಮಡಿಕೇರಿ

ಉತ್ತರ: ನಿಮ್ಮ ಪ್ರಯಾಣದ ದಾರಿ ನೋಡಿಯೇ ನನಗೆ ಖುಷಿಯಾಯಿತು. ಈ ಮೂರು ಊರುಗಳನ್ನು ಒಂದೇ ಸುತ್ತಿನಲ್ಲಿ ನೋಡುವವರಿಗೆ ನೂಡಲ್ಸ್ ವಿಷಯದಲ್ಲಿ ಸಿಗುವ ಅವಕಾಶ ಟೋಕಿಯೊದಲ್ಲೇ ಇರುವ ಎಷ್ಟೋ ಜನರಿಗೆ ಸಿಗುವುದಿಲ್ಲ.

ಕನ್ವೀನಿಯೆನ್ಸ್ ಸ್ಟೋರ್‌ಗೆ ಜಪಾನಿನಲ್ಲಿ ಎಲ್ಲರೂ ಕೊಂಬಿನಿ ಅನ್ನುತ್ತಾರೆ. ಅಲ್ಲಿನ ವಿಚಿತ್ರ ನೂಡಲ್ಸ್‌ನಲ್ಲಿ ಎರಡು ಜಾತಿ. ಒಂದು, ಜನ ಮಾತಾಡಿಕೊಳ್ಳಲಿ ಅಂತಲೇ ಮಾಡಿದ್ದು. ಕೆಲವು ವಾರ ಇರುತ್ತದೆ, ಆಮೇಲೆ ಮಾಯ. ಚಾಕೊಲೇಟ್, ಕೇಕ್ ಎಲ್ಲ ಈ ಜಾತಿ. ಇನ್ನೊಂದು, ಒಂದು ಸೀಮೆಯವರು ವರ್ಷಾನುಗಟ್ಟಲೆ ಮನೆಯಲ್ಲಿ ತಿನ್ನುತ್ತಾ ಬಂದಿರುವುದು. ಅವರಿಗೆ ಅದು ಮಾಮೂಲಿ, ಹೊರಗಿನವರಿಗೆ ವಿಚಿತ್ರ. ನನ್ನ ಸಲಹೆ ಸ್ಪಷ್ಟ: ಮೊದಲ ಜಾತಿಯನ್ನು ಒಂದು ಸಲ ರುಚಿ ನೋಡಿ ಬಿಡಿ. ನಿಮ್ಮ ರಾತ್ರಿಗಳನ್ನೂ ಹಸಿವನ್ನೂ ಎರಡನೆಯ ಜಾತಿಗೆ ಇಟ್ಟುಕೊಳ್ಳಿ.

ಟೋಕಿಯೊದಲ್ಲಿ ಇಳಿದ ಮೊದಲ ದಿನವೇ ನಿಸ್ಸಿನ್ ಕಂಪನಿಯ ಡೊನ್‌ಬೇ ಕಿತ್ಸುನೆ ಉದೊನ್ ಕೊಳ್ಳಿ. ಅಗಲ ಬಾಯಿಯ ಬಟ್ಟಲು, ಚಪ್ಪಟೆ ದಪ್ಪ ನೂಡಲ್ಸ್, ಮೇಲೆ ಕರಿದ ತೋಫುವಿನ ಸಿಹಿ ಹಾಳೆ. ಇದರಲ್ಲೇನು ವಿಚಿತ್ರ ಅಂತ ಕೇಳಬೇಡಿ. ಮುಚ್ಚಳದ ಮೇಲೆ ಎಲ್ಲೋ ಒಂದು ಕಡೆ ಚಿಕ್ಕದಾಗಿ ಇಂಗ್ಲಿಷಿನ 'ಇ' ಅಕ್ಷರ ಇರುತ್ತದೆ. ಅದು ಪೂರ್ವದ ಗುರುತು. ಒಸಾಕಾಗೆ ಹೋದ ಮೇಲೆ ಅದೇ ಹೆಸರಿನ, ಅದೇ ಬಣ್ಣದ ಬಟ್ಟಲು ಕೊಳ್ಳಿ. ಅಲ್ಲಿ 'ಡಬ್ಲ್ಯೂ' ಇರುತ್ತದೆ, ಪಶ್ಚಿಮ ಅಂತ. ಒಳಗಿನ ಸಾರು ಬೇರೆ. ಪೂರ್ವದ್ದರಲ್ಲಿ ಕತ್ಸುಒ ಅನ್ನುವ ಟ್ಯೂನಾ ಜಾತಿಯ ಮೀನನ್ನು ಹೊಗೆಯಲ್ಲಿ ಒಣಗಿಸಿ ತೆಗೆದ ಸಾರ ಮುಂದೆ ನಿಲ್ಲುತ್ತದೆ, ಸೋಯಾ ಸಾಸ್ ಕಡು ಬಣ್ಣದ್ದು. ಪಶ್ಚಿಮದ್ದರಲ್ಲಿ ಕೊಂಬು ಅನ್ನುವ ಕಡಲಕಳೆಯ ರುಚಿ ಜಾಸ್ತಿ, ಸಾರು ತಿಳಿ. 1976ರಲ್ಲಿ ಡೊನ್‌ಬೇ ಶುರುವಾದಾಗಿನಿಂದಲೇ ಈ ಎರಡು ಬಗೆ ಇವೆ. ಎರಡರ ನಡುವಿನ ಗಡಿ ಸುಮಾರಾಗಿ ಜಪಾನಿನ ನಡುಭಾಗದ ಸೆಕಿಗಹಾರಾ ಅನ್ನುವ ಊರಿನ ಹತ್ತಿರ ಬರುತ್ತದೆ. ಟೋಕಿಯೊದ ಬಟ್ಟಲು ಒಂದನ್ನು ಪೆಟ್ಟಿಗೆಯಲ್ಲಿ ಒಸಾಕಾಗೆ ಒಯ್ದು, ಎರಡನ್ನೂ ಒಟ್ಟಿಗೆ ಮಾಡಿ, ಮೊದಲು ಸಾರನ್ನಷ್ಟೇ ಒಂದೊಂದು ಗುಟುಕು ಕುಡಿದು ನೋಡಿ. ಜಪಾನಿನ ಅಡುಗೆಯ ಅತಿ ದೊಡ್ಡ ವ್ಯತ್ಯಾಸ ಕೆಲವು ನೂರು ಯೆನ್‌ಗೆ ನಿಮ್ಮ ನಾಲಿಗೆಯ ಮೇಲೆ ಬಂದು ಕೂರುತ್ತದೆ.

ಡೊನ್‌ಬೇ ಬಗ್ಗೆ ಇನ್ನೊಂದು ಮಾತು. ಬಟ್ಟಲಿನ ಮೇಲೆ 5 ನಿಮಿಷ ಅಂತ ಬರೆದಿರುತ್ತದೆ. 2015ರ ಸುಮಾರಿಗೆ 10 ನಿಮಿಷ ಬಿಟ್ಟರೆ ಇನ್ನೂ ರುಚಿ ಅನ್ನುವ ಮಾತು ಜಪಾನಿನಲ್ಲೆಲ್ಲ ಹಬ್ಬಿತು. ಇದು ತಮಗೆ ಹೊಳೆದೇ ಇರಲಿಲ್ಲ ಅಂತ ಕಂಪನಿಯೇ ಬಹಿರಂಗವಾಗಿ ಕ್ಷಮೆ ಕೇಳಿತು. ನಾನು 10 ನಿಮಿಷದ ಪಕ್ಷ. ಉದೊನ್ ಉಬ್ಬಿ, ಮೆತ್ತಗಾಗಿ, ಸಾರನ್ನು ಹೀರಿಕೊಂಡಿರುತ್ತದೆ. ಮುಚ್ಚಳದ ಮೇಲೆ ಏನಾದರೂ ಭಾರ ಇಡಿ, ಇಲ್ಲದಿದ್ದರೆ ಅಷ್ಟರಲ್ಲಿ ಆರಿ ಹೋಗುತ್ತದೆ.

ಈಗ ಸಪ್ಪೊರೊ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಇದೇ. ಮಾರುಚಾನ್ ಬ್ರ್ಯಾಂಡಿನ ಯಾಕಿಸೋಬಾ ಬೆಂತೋ. ಸಪ್ಪೊರೊ ಇರುವ ಉತ್ತರದ ದ್ವೀಪ ಹೊಕ್ಕೈದೊ. 1975ರಿಂದ ಇದು ಅಲ್ಲಿಯವರ ಮನೆಮಾತು, ಬೇರೆ ಕಡೆ ಸುಲಭಕ್ಕೆ ಕಾಣಿಸುವುದಿಲ್ಲ. ಯಾಕಿಸೋಬಾ ಅಂದರೆ ಸಾರಿಲ್ಲದ, ಸಾಸ್ ಕಲಸಿ ತಿನ್ನುವ ನೂಡಲ್ಸ್. ಕಪ್ಪಿನ ಯಾಕಿಸೋಬಾದಲ್ಲಿ ಬಿಸಿನೀರು ಹಾಕಿ, ನೂಡಲ್ಸ್ ಬೆಂದ ಮೇಲೆ ಆ ನೀರನ್ನು ಬಸಿಯಬೇಕು. ಜಪಾನಿನ ಹೆಚ್ಚಿನ ಕಡೆ ಆ ನೀರು ಸಿಂಕಿಗೆ ಹೋಗುತ್ತದೆ. ಹೊಕ್ಕೈದೊದವರು ಚೆಲ್ಲುವುದಿಲ್ಲ. ಅದರಲ್ಲೇ ಸೂಪ್ ಮಾಡುತ್ತಾರೆ.

ಮಾಡುವ ಕ್ರಮ ಹೀಗೆ. ಮುಚ್ಚಳವನ್ನು ಗೆರೆಯವರೆಗೆ ಮಾತ್ರ ಬಿಡಿಸಿ. ಒಳಗಿನ ಪೊಟ್ಟಣಗಳನ್ನೆಲ್ಲ ಹೊರಗೆ ತೆಗೆಯಿರಿ. ಸಾಸ್, ಸೂಪ್ ಪುಡಿ, ಒಣ ತರಕಾರಿ, ಮೇಲೆ ಉದುರಿಸುವ ಪುಡಿ, ಎಲ್ಲ ಬೇರೆ ಬೇರೆ. ನೂಡಲ್ಸ್ ಗಟ್ಟಿಯನ್ನು ಸ್ವಲ್ಪ ಎತ್ತಿ, ಒಣ ಎಲೆಕೋಸನ್ನು ಅದರ ಕೆಳಗೆ ಹಾಕಿ. ಮೇಲೆ ಹಾಕಿದರೆ ಬಸಿಯುವಾಗ ಅರ್ಧ ಎಲೆಕೋಸು ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ಒಳಗೆರೆಯ ತನಕ ಕುದಿಯುವ ನೀರು, 3 ನಿಮಿಷ. ಅಷ್ಟರಲ್ಲಿ ಒಂದು ಲೋಟಕ್ಕೆ ಸೂಪ್ ಪುಡಿ ಸುರಿದು ಪಕ್ಕಕ್ಕಿಡಿ. ಸಮಯವಾದ ಮೇಲೆ ಇನ್ನೊಂದು ಮೂಲೆಯ ಹಾಳೆ ಕಿತ್ತರೆ ಸಾಲಾಗಿ ತೂತುಗಳು ಕಾಣುತ್ತವೆ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಲೋಟಕ್ಕೆ ಬೇಕಾದಷ್ಟು ನೀರು ಬಸಿಯಿರಿ. ಉಳಿದದ್ದು ಸಿಂಕಿಗೆ. ನೂಡಲ್ಸ್ ಎಣ್ಣೆಯಲ್ಲಿ ಕರಿದದ್ದು, ಹಾಗಾಗಿ ಆ ನೀರಿನಲ್ಲಿ ಸ್ವಲ್ಪ ಎಣ್ಣೆ, ಸ್ವಲ್ಪ ಗೋಧಿಯ ಗಂಜಿ, ಎಲೆಕೋಸಿನ ಸಿಹಿ ಎಲ್ಲ ಇಳಿದಿರುತ್ತದೆ. ಬರೀ ನೀರಿಗೆ ಅದೇ ಪುಡಿ ಹಾಕಿದರೆ ಸೂಪ್ ತೆಳ್ಳಗೆ, ಖಾಲಿ ಖಾಲಿ ಅನಿಸುತ್ತದೆ. ಕೊನೆಗೆ ಸಾಸ್ ಕಲಸಿ, ಮೇಲಿನ ಪುಡಿ ಉದುರಿಸಿ, ಸೂಪ್ ಜೊತೆ ತಿನ್ನಿ. ಫೆಬ್ರವರಿಯ ಸಪ್ಪೊರೊದಲ್ಲಿ ಆ ಲೋಟಕ್ಕೆ ಎಷ್ಟು ಬೆಲೆ ಅಂತ ಅಲ್ಲಿ ಚಳಿ ಅನುಭವಿಸಿದವರಿಗೆ ಗೊತ್ತು. ಹೊಕ್ಕೈದೊದ್ದೇ ಆದ ಸೇಕೊಮಾರ್ಟ್ ಅಂಗಡಿಗಳಲ್ಲಿ ಹುಡುಕಿ.

ಯಾಕಿಸೋಬಾ ಕೊಳ್ಳುವಾಗ ಒಂದು ಎಚ್ಚರ ಬೇಕು. ಅಂಗಡಿಯಲ್ಲೇ ಬಿಸಿನೀರಿನ ಪಾತ್ರೆ ಇರುತ್ತದೆ, ಹಣ ಕೊಟ್ಟ ಮೇಲೆ ಅಲ್ಲೇ ನೀರು ತುಂಬಿಕೊಳ್ಳಬಹುದು. ಆದರೆ ಬಸಿಯಲು ಅಲ್ಲಿ ಜಾಗ ಇರುವುದಿಲ್ಲ. ರಸ್ತೆಯ ಚರಂಡಿಗೆ ಸುರಿಯುವುದು ದೊಡ್ಡ ಅಸಭ್ಯತೆ. ಸಾರಿರುವ ನೂಡಲ್ಸ್ ಅಂಗಡಿಯಲ್ಲಿ, ಬಸಿಯುವ ನೂಡಲ್ಸ್ ಹೋಟೆಲ್ ರೂಮಿನಲ್ಲಿ. ಕೂತು ತಿನ್ನುವ ಜಾಗ ಇರುವ ಅಂಗಡಿಯಾದರೆ, ಅಲ್ಲೇ ತಿನ್ನುತ್ತೇನೆ ಅಂತ ಕೌಂಟರಿನಲ್ಲಿ ಹೇಳಬೇಕು. 2019ರ ಅಕ್ಟೋಬರ್‌ನಿಂದ ಕಟ್ಟಿಸಿಕೊಂಡು ಹೋಗುವುದಕ್ಕೆ 8%, ಅಲ್ಲೇ ತಿನ್ನುವುದಕ್ಕೆ 10% ತೆರಿಗೆ. ಚಾಪ್‌ಸ್ಟಿಕ್ ಬೇಕಾದರೆ 'ಹಾಶಿ' ಅಂದರೆ ಸಾಕು, ಕೊಡುತ್ತಾರೆ.

ಈಗ ನೀವು ಕೇಳಿದ ಚಾಕೊಲೇಟ್, ಕೇಕ್ ವಿಷಯ. ಹೌದು, ಇವು ನಿಜವಾಗಿಯೂ ಮಾರಾಟಕ್ಕೆ ಬಂದಿದ್ದವು. ಮ್ಯೋಜೊ ಕಂಪನಿಯ ಇಪ್ಪೇಚಾನ್ ಯಾಕಿಸೋಬಾ 2016ರ ಆರಂಭದಲ್ಲಿ, ವ್ಯಾಲೆಂಟೈನ್ ದಿನದ ಹೊತ್ತಿಗೆ ಚಾಕೊಲೇಟ್ ಸಾಸ್‌ನಲ್ಲಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಶಾರ್ಟ್‌ಕೇಕ್ ರುಚಿ ಬಂತು, ಯಾಕೆಂದರೆ ಜಪಾನಿನ ಕ್ರಿಸ್‌ಮಸ್ ಕೇಕ್ ಅಂದರೆ ಸ್ಟ್ರಾಬೆರಿ ಶಾರ್ಟ್‌ಕೇಕ್. ಗುನ್ಮಾ ಪ್ರಾಂತ್ಯದ ಪೆಯಾಂಗ್ ಕೂಡ ಚಾಕೊಲೇಟ್ ಯಾಕಿಸೋಬಾ ಮಾಡಿತು. ಇವೆಲ್ಲ ಋತುವಿಗೆ ಬಂದು ಹೋಗುವ ಸರಕು. ನೀವು ಹೋದಾಗ ಅವೇ ಇರುತ್ತವೆ ಅಂತ ನಂಬಿಕೊಳ್ಳಬೇಡಿ, ಅಂಥದ್ದೇ ಇನ್ನೊಂದು ಇರುತ್ತದೆ. ಹೊಸ ಸರಕು ಸಾಮಾನ್ಯವಾಗಿ ಸೋಮವಾರ, ಮಂಗಳವಾರ ಶೆಲ್ಫಿಗೆ ಬರುತ್ತದೆ. ಮಂಗಳವಾರ ಸಂಜೆ ಒಂದು ಸುತ್ತು ಹಾಕಿ.

ಸಿಹಿ ನೂಡಲ್ಸ್ ಅಂದ ಕೂಡಲೇ ಮುಖ ಸಿಂಡರಿಸುವವರನ್ನು ನಾನು ಒಪ್ಪುವುದಿಲ್ಲ. ಚಿರೋಟಿಯೂ ಕರಿದ ಗೋಧಿಯ ಮೇಲೆ ಸಕ್ಕರೆಯೇ ಅಲ್ವಾ? ತೊಂದರೆ ಇರುವುದು ಸಿಹಿಯಲ್ಲಿ ಅಲ್ಲ. ನೂಡಲ್ಸ್ ಹಿಟ್ಟಿನಲ್ಲೇ ಉಪ್ಪು ಸೇರಿರುತ್ತದೆ, ಹಿಟ್ಟು ನಾದುವಾಗ ಹಾಕುವ ಕ್ಷಾರದಿಂದ ಒಂದು ವಿಶೇಷ ವಾಸನೆಯೂ ಬರುತ್ತದೆ. ವೆನಿಲ್ಲಾ ಪರಿಮಳ ಅದರ ಮೇಲೆ ಬಂದು ಕೂತಾಗ ಎರಡೂ ಕಾದಾಡುತ್ತವೆ. ಚಾಕೊಲೇಟ್‌ನ ಕಹಿ ಆ ಉಪ್ಪಿಗೆ ಸ್ವಲ್ಪ ಹೊಂದಿಕೊಳ್ಳುತ್ತದೆ, ಕೇಕ್ ಹೊಂದುವುದಿಲ್ಲ. ಇದು ನನ್ನ ನಾಲಿಗೆಯ ತೀರ್ಪು. ಇಬ್ಬರು ಹಂಚಿಕೊಂಡು ತಿನ್ನಿ, ಬಿಸಿಯಾಗಿದ್ದಾಗಲೇ ತಿನ್ನಿ. ಆರಿದ ಮೇಲೆ ಆ ಸಾಸ್ ಎಣ್ಣೆಯಂತೆ ಅಂಟುತ್ತದೆ.

ವಿಚಿತ್ರ ರುಚಿ ಕೊಳ್ಳುವ ಮುಂಚೆ ಅದೇ ಬ್ರ್ಯಾಂಡಿನ ಮಾಮೂಲಿ ರುಚಿ ತಿಂದಿರಬೇಕು. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಪೆಯಾಂಗ್‌ನ ಸಾದಾ ಸಾಸ್ ಯಾಕಿಸೋಬಾ 1975ರಿಂದ ಇದೆ. ಅದರ ತೆಳು, ಸ್ವಲ್ಪ ಹುಳಿ ಸಾಸ್ ನಾಲಿಗೆಗೆ ಪರಿಚಯ ಇದ್ದರೆ ಮಾತ್ರ, ಕಂಪನಿ ಮಾಡುವ ಹೊಸ ಆಟ ಎಲ್ಲಿಗೆ ಹೋಯಿತು ಅಂತ ತಿಳಿಯುತ್ತದೆ. ಇಪ್ಪೇಚಾನ್‌ನ ಗುಟ್ಟು ಸಾಸಿವೆ ಸೇರಿದ ಮೇಯನೀಸ್. ಅದು ಗೊತ್ತಿಲ್ಲದೆ ಶಾರ್ಟ್‌ಕೇಕ್ ತಿಂದರೆ ಸುಮ್ನೆ ತಲೆಕೆಟ್ಟ ತಿಂಡಿ ಅನಿಸುತ್ತದೆ.

ಖಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮವರು ಜಪಾನಿನ ಖಾರ ಅಂದರೆ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಹುಪಾಲು ಅದು ನಿಜವೇ. ಆದರೆ ಪೆಯಾಂಗ್ 2012ರಲ್ಲಿ ತಂದ ಗೆಕಿಕಾರಾ (ಅಂದರೆ ವಿಪರೀತ ಖಾರ), 2020ರಲ್ಲಿ ತಂದ, ಅದಕ್ಕೂ ಮೀರಿದ ಗೋಕುಗೆಕಿಕಾರಾ ಎರಡೂ ತಮಾಷೆಯಲ್ಲ. ನಮ್ಮ ಖಾರದ ಜೊತೆ ಹುಣಸೆ, ಬೆಲ್ಲ, ತೆಂಗಿನಕಾಯಿ ಏನಾದರೂ ಇರುತ್ತದೆ. ಇಲ್ಲಿ ತಡೆಯುವುದು ಏನೂ ಇಲ್ಲ, ನೇರ ಉರಿ. ಮಾರನೇ ದಿನ ಮೀಟಿಂಗ್ ಇದ್ದರೆ ಗೋಕುಗೆಕಿಕಾರಾ ಬೇಡವೇ ಬೇಡ. ಖಾರವೂ ಬೇಕು, ರುಚಿಯೂ ಬೇಕು ಅಂದರೆ ಸೆವೆನ್ ಇಲೆವೆನ್‌ಗೆ ಹೋಗಿ ಮೋಕೊ ತನ್‌ಮೆನ್ ನಕಾಮೊತೊ ಹೆಸರಿನ ಕೆಂಪು ಬಟ್ಟಲು ಕೊಳ್ಳಿ. ರಾಮೆನ್, ಅಂದರೆ ಸಾರಿನ ನೂಡಲ್ಸ್ ಮಾಡುವ ಟೋಕಿಯೊದ ಒಂದು ಹೋಟೆಲಿನ ರುಚಿ, ಮಿಸೊ ಅನ್ನುವ ಹುದುಗಿಸಿದ ಸೋಯಾ ಹಿಟ್ಟಿನ ಖಾರದ ಸಾರು, ತೋಫು ತುಂಡುಗಳು. ಎಣ್ಣೆಯ ಪೊಟ್ಟಣವನ್ನು ಬಿಸಿ ಮುಚ್ಚಳದ ಮೇಲೆ ಇಟ್ಟು ಕರಗಿಸಿ, ಕೊನೆಗೆ ಹಾಕಿ. ಮೊದಲೇ ಹಾಕಿದರೆ ನೂಡಲ್ಸ್ ಸರಿಯಾಗಿ ಬೇಯುವುದಿಲ್ಲ.

ಪೆಯಾಂಗ್‌ನದೇ ಗಿಗಾಮ್ಯಾಕ್ಸ್ ಅನ್ನುವ ದೈತ್ಯ ಬಟ್ಟಲನ್ನೂ ನೋಡುತ್ತೀರಿ. 2018ರಲ್ಲಿ ಬಂದದ್ದು, ಒಂದಕ್ಕೇ 2142 ಕಿಲೊ ಕ್ಯಾಲೊರಿ. ದಿನಕ್ಕೆ ಒಂದಕ್ಕಿಂತ ಜಾಸ್ತಿ ತಿನ್ನಬೇಡಿ ಅಂತ ಅದರ ಮೇಲೇ ಬರೆದಿದೆ. ಬೇಯಿಸಲು ಲೀಟರಿಗಿಂತ ಜಾಸ್ತಿ ನೀರು ಬೇಕು, ಹೋಟೆಲ್ ರೂಮಿನ ಕೆಟಲ್ ಸಾಲುವುದಿಲ್ಲ. ನೋಡಿ, ಫೋಟೊ ತೆಗೆದುಕೊಳ್ಳಿ, ಬಿಟ್ಟುಬಿಡಿ.

ನಿಸ್ಸಿನ್‌ನ ಕಪ್ ನೂಡಲ್ಸ್ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಈ ವಿಚಿತ್ರಗಳಿಗೆಲ್ಲ ಅದೇ ತಾಯಿ. ನಿಸ್ಸಿನ್ ಸ್ಥಾಪಿಸಿದ ಮೊಮೊಫುಕು ಆಂದೊ 1958ರಲ್ಲಿ ಒಸಾಕಾ ಬಳಿಯ ಇಕೆದಾದಲ್ಲಿ ಚಿಕನ್ ರಾಮೆನ್ ಮಾಡಿದರು. ಬೇಯಿಸಿದ ನೂಡಲ್ಸನ್ನು ಬಿಸಿ ಎಣ್ಣೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಹಾರಿ, ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಆಮೇಲೆ ಬಿಸಿನೀರು ಹಾಕಿದಾಗ ಅದೇ ತೂತುಗಳಿಂದ ನೀರು ಒಳಗೆ ನುಗ್ಗುತ್ತದೆ. 1971ರ ಸೆಪ್ಟೆಂಬರ್‌ನಲ್ಲಿ ಕಪ್ಪಿನ ರೂಪ ಬಂತು. ಒಂದು ಕಪ್ಪನ್ನು ನಡುವೆ ಉದ್ದಕ್ಕೆ ಕತ್ತರಿಸಿ ನೋಡಿದರೆ ಜಾಣತನ ಕಾಣುತ್ತದೆ. ನೂಡಲ್ಸ್ ಗಟ್ಟಿ ತಳಕ್ಕೆ ತಾಗುವುದೇ ಇಲ್ಲ. ಕಪ್ಪಿನ ಗೋಡೆಗೆ ಕಚ್ಚಿಕೊಂಡು ನಡುವಿನಲ್ಲಿ ತೂಗುತ್ತದೆ, ಕೆಳಗೆ ಖಾಲಿ ಜಾಗ. ಸಾಗಿಸುವಾಗ ಪುಡಿಯಾಗುವುದಿಲ್ಲ, ಬಿಸಿನೀರು ಕೆಳಗಿನಿಂದಲೂ ಬೇಯಿಸುತ್ತದೆ.

ಇದರ ಸೀಫುಡ್ ರುಚಿಗೆ ನೀರಿನ ಬದಲು ಬಿಸಿ ಹಾಲು ಹಾಕುವ ರೂಢಿ ಎಷ್ಟು ಬೆಳೆಯಿತೆಂದರೆ, ಆಮೇಲೆ ಕಂಪನಿಯೇ ಚಳಿಗಾಲಕ್ಕೆ ಮಿಲ್ಕ್ ಸೀಫುಡ್ ಅಂತ ಮಾರಲು ಶುರು ಮಾಡಿತು. ಸಿಗದಿದ್ದರೆ ನೀವೇ ಮಾಡಿ. ಹಾಲನ್ನು ಬೇರೆ ಲೋಟದಲ್ಲಿ ಚೆನ್ನಾಗಿ ಕಾಯಿಸಿ ಸುರಿಯಬೇಕು, ಕಪ್ಪನ್ನೇ ಮೈಕ್ರೊವೇವ್‌ನಲ್ಲಿ ಇಡಬಾರದು. ನಿಮಿಷ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. 1973ರಲ್ಲಿ ಬಂದ ಕರಿ ರುಚಿಯೂ ನಮ್ಮವರಿಗೆ ಕುತೂಹಲದ್ದೇ. ಸಿಹಿ, ದಪ್ಪ ಗೊಜ್ಜಿನಂಥ ಸಾರು, ಆಲೂಗಡ್ಡೆ ಚೂರುಗಳು. ತಳದಿಂದ ಚೆನ್ನಾಗಿ ಕಲಕಿ. ಉಳಿದ ಸಾರಿಗೆ ಅಂಗಡಿಯಲ್ಲಿ ಸಿಗುವ ಉಪ್ಪಿನ ಅನ್ನದುಂಡೆ ಹಾಕಿ ಕಲಸಿ ತಿನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ನಾನೂ ಸಂತೋಷವಾಗಿ ಮಾಡುತ್ತೇನೆ.

ಆದರೆ ಸಾರನ್ನೆಲ್ಲ ದಿನಾ ಕುಡಿಯಬೇಡಿ. ಒಂದು ಮಾಮೂಲಿ ಕಪ್ಪಿನಲ್ಲಿ ಸುಮಾರು 5 ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ ಅಷ್ಟು. ನೂಡಲ್ಸ್‌ನಲ್ಲಿ ಎಷ್ಟು, ಸಾರಿನಲ್ಲಿ ಎಷ್ಟು ಅಂತ ಅನೇಕ ಕಪ್ಪುಗಳ ಮೇಲೆ ಬೇರೆ ಬೇರೆಯಾಗಿ ಬರೆದಿರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಸಾರಿನಲ್ಲೇ ಇರುವುದು ಮಾಮೂಲು. ಬಿ.ಪಿ. ಇದ್ದರೆ ಈ ಸಾಲನ್ನು ಮರೆಯಬೇಡಿ.

ಇನ್ನು ನಿಮ್ಮ ಸಹೋದ್ಯೋಗಿಯ ಮಾತು. ಇಲ್ಲಿ ಸಿಹಿ ಮಾತಾಡಿ ಪ್ರಯೋಜನ ಇಲ್ಲ. ಕೊಂಬಿನಿಯ ಕಪ್ ನೂಡಲ್ಸ್‌ನಲ್ಲಿ ಶುದ್ಧ ಸಸ್ಯಾಹಾರಿಗೆ ಸಿಗುವುದು ಬಹಳ ಕಡಿಮೆ. ಚಿತ್ರದಲ್ಲಿ ಬರೀ ತೋಫು ಇದ್ದರೂ ಸಾರು ಮೀನಿನದು. ಸೀಫುಡ್ ಅಂತ ಬರೆದ ಕಪ್ಪಿನಲ್ಲಿ ಹಂದಿಯ ಸಾರ ಇರುತ್ತದೆ. ತರಕಾರಿ ಚಿತ್ರ ನೋಡಿ ಯಾವತ್ತೂ ಮೋಸಹೋಗಬಾರದು.

ಎಷ್ಟೋ ಜನ ಅಲರ್ಜಿ ಪಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ಅದು ಸಾಲದು. ಹಾಲು, ಮೊಟ್ಟೆ, ಗೋಧಿ, ಸೀಗಡಿ, ಏಡಿ ಇಂಥವನ್ನು ಬರೆಯುವುದು ಕಾನೂನಿನ ಪ್ರಕಾರ ಕಡ್ಡಾಯ. ಹಂದಿ, ದನ, ಕೋಳಿ, ಜೆಲಾಟಿನ್ ಬರೆಯಬೇಕೆಂದು ಶಿಫಾರಸು ಮಾತ್ರ ಇದೆ. ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವ ಕತ್ಸುಒ ಮೀನು ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಪದಾರ್ಥಗಳ ಇಡೀ ಪಟ್ಟಿಯನ್ನೇ ಓದಬೇಕು. ಫೋನಿನ ಕ್ಯಾಮೆರಾ ಅನುವಾದ ಒಂದು ಮಟ್ಟಕ್ಕೆ ಸಹಾಯ ಮಾಡುತ್ತದೆ, ಚಿಕ್ಕ ಅಕ್ಷರದಲ್ಲಿ ತಪ್ಪುತ್ತದೆ. ಅಲ್ಲಿನ ಆಫೀಸಿನಲ್ಲಿ ಯಾರಾದರೂ ಜಪಾನಿ ಸಹೋದ್ಯೋಗಿಗೆ ಹೇಳಿ ಒಂದು ಚೀಟಿಯಲ್ಲಿ ಈ ಹೆಸರುಗಳನ್ನು ಬರೆಸಿಕೊಳ್ಳಿ: ಬುತಾ ಮತ್ತು ಪೋಕು ಅಂದರೆ ಹಂದಿ, ರಾಡೊ ಅಂದರೆ ಹಂದಿ ಕೊಬ್ಬು, ಗ್ಯೂ ಅಂದರೆ ದನ, ತೋರಿ ಮತ್ತು ಚಿಕಿನ್ ಅಂದರೆ ಕೋಳಿ, ಕತ್ಸುಒ ಮತ್ತು ಸಕಾನಾ ಅಂದರೆ ಮೀನು, ತಮಾಗೊ ಅಂದರೆ ಮೊಟ್ಟೆ. ಚೀಟಿಯ ಅಕ್ಷರವನ್ನು ಕಪ್ಪಿನ ಅಕ್ಷರದ ಪಕ್ಕ ಹಿಡಿದು ನೋಡುವುದು ಭಾಷೆ ಬಾರದವರಿಗೂ ಸಾಧ್ಯ.

ಅವರಿಗೆ ನಿಜವಾಗಿ ಖುಷಿ ಕೊಡುವ ದಾರಿ ಒಂದಿದೆ. ಟೋಕಿಯೊ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗಡೆ ಟೀಸ್ ತಂತಂ ಅನ್ನುವ ಹೋಟೆಲಿದೆ, ಎಲ್ಲವೂ ವೀಗನ್, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ್ದು. ಎಳ್ಳಿನ ದಪ್ಪ ಸಾರಿನ ತಂತಂಮೆನ್ ಅಲ್ಲಿ ಬಹಳ ಚೆನ್ನಾಗಿರುತ್ತದೆ. ಅದೇ ಹೋಟೆಲಿನ ಹೆಸರಿನಲ್ಲಿ ಯಮಾದಾಯ್ ಕಂಪನಿ ನ್ಯೂ ಟಚ್ ಬ್ರ್ಯಾಂಡಿನಲ್ಲಿ ವೀಗನ್ ಕಪ್ ನೂಡಲ್ಸ್ ಮಾಡುತ್ತದೆ. ಕೊಂಬಿನಿಗಿಂತ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಸಿಕ್ಕಾಗ ನಾಲ್ಕೈದು ಕೊಂಡಿಟ್ಟುಕೊಳ್ಳಲಿ. ಊರಿಂದ ಹೊರಡುವಾಗ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ಟುಗಳನ್ನೂ ಇಟ್ಟುಕೊಳ್ಳಲಿ. ನೀವು ರಾಮೆನ್ ತಿನ್ನುವಾಗ ಅವರು ಪಕ್ಕದಲ್ಲಿ ಹಸಿದು ಕೂರುವುದು ಬೇಡ.

ಒಸಾಕಾದಲ್ಲಿ ಅರ್ಧ ದಿನ ಸಿಕ್ಕರೆ ಉಮೆದಾದಿಂದ ಹಾಂಕ್ಯೂ ರೈಲಿನಲ್ಲಿ ಇಕೆದಾಗೆ ಹೋಗಿ. ಅಲ್ಲಿ ಕಪ್ ನೂಡಲ್ಸ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಆಂದೊ ಪ್ರಯೋಗ ಮಾಡಿದ ಶೆಡ್ಡನ್ನು ಹಾಗೇ ಮತ್ತೆ ಕಟ್ಟಿ ಇಟ್ಟಿದ್ದಾರೆ. ಸ್ವಲ್ಪ ಹಣ ಕೊಟ್ಟರೆ ಕಪ್ಪಿನ ಮೇಲೆ ನೀವೇ ಚಿತ್ರ ಬರೆದು, 4 ಬಗೆಯ ಸೂಪ್‌ನಲ್ಲಿ ಒಂದು, 12 ಬಗೆಯ ಒಣ ಪದಾರ್ಥದಲ್ಲಿ ನಾಲ್ಕು ಆರಿಸಿ ಕಪ್ ಮಾಡಿಸಿಕೊಳ್ಳಬಹುದು. ಒಟ್ಟು 5460 ಬಗೆ ಸಾಧ್ಯ. ಮನೆಯಲ್ಲಿ ಮಕ್ಕಳಿದ್ದರೆ ತರಬೇಕಾದ್ದು ಇದೇ. ಮಂಗಳವಾರ ರಜೆ, ಅದನ್ನು ನೋಡಿಕೊಂಡು ಹೋಗಿ.

ಮನೆಗೆ ತರುವುದಾದರೆ ಕಪ್ಪಿಗಿಂತ ಪ್ಯಾಕೆಟ್ ಮೇಲು. ಕಪ್ಪಿನಲ್ಲಿ ಅರ್ಧ ಜಾಗ ಗಾಳಿಗೆ ಹೋಗುತ್ತದೆ. ಫುಕುಒಕಾದ ಮಾರುತಾಯ್ ಕಂಪನಿಯ ಕಡ್ಡಿಯಂಥ ನೇರ ರಾಮೆನ್ 1959ರಿಂದ ಇದೆ, ಪೆಟ್ಟಿಗೆಯ ಬದಿಯಲ್ಲಿ ಸಲೀಸಾಗಿ ಕೂರುತ್ತದೆ. ಜಪಾನಿನ ಕಪ್ಪುಗಳ ಬಾಳಿಕೆ ತಯಾರಾದ ದಿನದಿಂದ ಸುಮಾರು 6 ತಿಂಗಳು, ಪ್ಯಾಕೆಟ್ಟುಗಳದ್ದು 8 ತಿಂಗಳು. ತಾರೀಖನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಬರೆಯುತ್ತಾರೆ, ತಿರುಗುಮುರುಗು ಓದಬೇಡಿ. ಮಾಂಸದ ತುಂಡುಗಳಿರುವ ಕಪ್ಪುಗಳನ್ನು ಅಲ್ಲೇ ತಿಂದು ಮುಗಿಸಿ. ಉಳಿದದ್ದನ್ನು ತರುವ ಮುಂಚೆ ನಮ್ಮ ಕಸ್ಟಮ್ಸ್ ನಿಯಮ ಒಮ್ಮೆ ನೋಡಿಕೊಳ್ಳಿ.